ಲತಾಮಣಿ ಮಿಸ್ಸಿನ ಜೋಡಿ

ಲತಾಮಣಿ ಮಿಸ್ ಹುಟ್ಟು ಪುಕ್ಕಲಿ. ಪುಕ್ಕಲು ಅಂದರೆ ಎಂಥದು ಅಂತೀರಿ! ಕತ್ರಿಗುಪ್ಪೆಯ ಮನೆಯಿಂದ ಇಟ್ಟಮಡುವಿನ ಶಾಲೆಗೆ ಹೊರಟವಳು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸಾದ ದಿನಗಳಿಗೆ ಲೆಕ್ಕವಿಲ್ಲ. ಯಾರಾದರೂ ದನಿ ಎತ್ತಿದರೆ ತನ್ನನ್ನೇ ಬೈದರೇನೋ ಎಂದು ಎದೆ ಡವಡವ. ಇಂಥವಳು ಹನ್ನೊಂದು ವರ್ಷದಿಂದ ಎರಡನೇ ಕ್ಲಾಸಿನ ಮಕ್ಕಳನ್ನು ಹಿಡಿದಿಟ್ಟಿದ್ದಾಳೆ!

ಹೇಗೆ ಅಂದರೆ, ಆ ಹೆದರಿಕೆಯಿಂದಲೇ. ಕಿರುಚಲು ಧೈರ್ಯವಿಲ್ಲ, ಹಾಗಾಗಿ ಗಲಾಟೆ ಹೆಚ್ಚಿದಷ್ಟೂ ಅವಳು ಇನ್ನಷ್ಟು ಮೆಲ್ಲಗೆ ಮಾತಾಡುತ್ತಾಳೆ. ಮಿಸ್ ಏನೋ ಗುಟ್ಟು ಹೇಳುತ್ತಿದ್ದಾರೆ ಎಂದು ಮಕ್ಕಳೇ ಒಬ್ಬರಿಗೊಬ್ಬರು 'ಶ್' ಅನ್ನುತ್ತವೆ. ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವುದು ಅವಳ ಕ್ಲಾಸಿನಲ್ಲಿ ಇಲ್ಲವೇ ಇಲ್ಲ. ಚಿಕ್ಕಂದಿನಲ್ಲಿ ಹಾಗೆ ನಿಂತು, ಏಳರ ಮಗ್ಗಿ ಮರೆತು, ಲಂಗ ಒದ್ದೆ ಮಾಡಿಕೊಂಡಿದ್ದನ್ನು ಅವಳು ಇವತ್ತಿಗೂ ಮರೆತಿಲ್ಲ. ಮೊದಲು ಉತ್ತರವನ್ನು ಜೋಡಿಯ ಕಿವಿಯಲ್ಲಿ ಹೇಳಬೇಕು, ಆಮೇಲೆ ಇಬ್ಬರೂ ಸೇರಿ ಮಿಸ್‌ಗೆ ಹೇಳಬೇಕು. ತಪ್ಪಾದರೆ ಇಬ್ಬರದೂ ತಪ್ಪು, ನಾಚಿಕೆಯಲ್ಲೂ ಅರ್ಧರ್ಧ ಪಾಲು.

ಜೂನ್ ತಿಂಗಳಲ್ಲೇ ಪ್ರತಿ ಮಗುವಿಗೂ ಒಂದು ಜೋಡಿ ನಿಗದಿಯಾಗುತ್ತದೆ. ಹೊರಗೆ ಕರೆದುಕೊಂಡು ಹೋಗುವಾಗ ನಿಯಮ ಎರಡು. ಮಿಸ್ "ಜೋಡಿ ಇದ್ದಾರಾ?" ಎಂದು ಕೇಳಿದಾಗ, ಜೋಡಿ ಕಾಣದವರು "ಇಲ್ಲ" ಎಂದು ಕೂಗಬೇಕು. ತಪ್ಪಿಸಿಕೊಂಡವರು ಇದ್ದಲ್ಲೇ ಕೂತುಬಿಡಬೇಕು. ಜೋಡಿ ಬಂದು ಕೈ ಹಿಡಿಯುವವರೆಗೆ ಯಾರು ಕರೆದರೂ ಏಳಬಾರದು. ತಲೆ ಎಣಿಸುವಾಗ ಲೆಕ್ಕ ತಪ್ಪುತ್ತದೆ ಎಂಬ ಭಯಕ್ಕೆ ಅವಳೇ ಕಟ್ಟಿಕೊಂಡ ಉಪಾಯ ಇದು. ಹೆಡ್‌ಮಿಸ್ ವಿಮಲಾ ಮೇಡಂ ಇದನ್ನು ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೊಗಳಿದ್ದರು. ಅವತ್ತೂ ಲತಾಮಣಿಗೆ ಭಯವೇ ಆಗಿತ್ತು.

ಆಗಸ್ಟಿನ ಒಂದು ಮಂಗಳವಾರ ಮಧ್ಯಾಹ್ನ ಹತ್ತುಗಳ ಪಾಠ. ಪಾರ್ಕಿನಲ್ಲಿ ಉದುರಿದ ಎಲೆ ಆರಿಸಿ, ಹತ್ತು ಹತ್ತರ ಕಟ್ಟು ಕಟ್ಟಿ, ಎಣಿಸಬೇಕು. ಪಾರ್ಕಿಗೆ ಮೇನ್ ರೋಡು ದಾಟಬೇಕು. ಅವತ್ತು ಪ್ರಿಯಾಂಕಾಗೆ ಗದ್ದಬಾವು, ರಜೆ. ಅವಳ ಜೋಡಿ ಕಲ್ಯಾಣಿ ಒಂಟಿಯಾದಳು. ಬೇರೆ ಮಗುವಾಗಿದ್ದರೆ ಇನ್ನೊಂದು ಜೋಡಿಗೆ ಸೇರಿಸಬಹುದಿತ್ತು. ಆದರೆ ಕಲ್ಯಾಣಿ ಪ್ರಿಯಾಂಕಾಳ ಕಿವಿ ಬಿಟ್ಟು ಬೇರೆಲ್ಲೂ ಬಾಯಿ ಬಿಡದ ಹುಡುಗಿ. ಲತಾಮಣಿ ಬಗ್ಗಿ, "ಇವತ್ತು ನಾನೇ ನಿನ್ ಜೋಡಿ, ಆಯ್ತಾ?" ಎಂದಳು. ಮಗುವಿನ ಮುಖ ಅರಳಿತು.

ಪಾರ್ಕಿನಲ್ಲಿ ಎಲ್ಲ ಚೆನ್ನಾಗಿಯೇ ನಡೆದಿತ್ತು. ಇದ್ದಕ್ಕಿದ್ದಂತೆ ಮೋಡ ಕವಿಯಿತು, ದಪ್ಪ ಹನಿ ಬಿದ್ದವು. ಎಲೆಗಾಗಿ ಇಬ್ಬರು ಕಿತ್ತಾಡಿ ಒಬ್ಬನ ಮೊಣಕೈ ತರಚಿತು. ಅವಸರ, ಅಳು, ಗಡಿಬಿಡಿ. "ಜೋಡಿ ಇದ್ದಾರಾ?" ಅಂದಳು. "ಇದ್ದಾರೇ!" ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದವು. ಕಿತ್ತಾಡಿದವರನ್ನು ಎಡಗೈಗೊಬ್ಬ ಬಲಗೈಗೊಬ್ಬ ಹಿಡಿದು, ಸಾಲಿನ ಕೊನೆಗೆ ಆಯಾ ಸಪ್ಪಲಮ್ಮನನ್ನು ನಿಲ್ಲಿಸಿ, ರಸ್ತೆ ದಾಟಿಸಿ ಶಾಲೆ ಸೇರಿದಳು.

ಚಾಪೆಯ ಮೇಲೆ ಎಲ್ಲರೂ ಕೂತರು. "ನಿಮ್ ಕಟ್ಟು ಜೋಡಿಗೆ ಕೊಡಿ, ಅವ್ರು ಎಣಿಸ್ಲಿ," ಎಂದವಳು ತಾನೂ ಕೂತು, ಕಟ್ಟಿಗಾಗಿ ಪಕ್ಕಕ್ಕೆ ಕೈ ಚಾಚಿದಳು.

ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಯ್ಯೋ, "ಇಲ್ಲ" ಎಂದು ಯಾರು ಕೂಗಬೇಕಿತ್ತು? ಜೋಡಿ ಕಾಣದವರು. ಕಲ್ಯಾಣಿಯ ಜೋಡಿ ತಾನೇ ಅಲ್ಲವೇ! ಎಲ್ಲರನ್ನೂ ಕೇಳಿದಳು, ತನ್ನನ್ನು ಕೇಳಿಕೊಳ್ಳಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಕ್ಲಾಸನ್ನು ಸಪ್ಪಲಮ್ಮನ ಮೇಲೆ ಹಾಕಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಮೇನ್ ರೋಡಿನಲ್ಲಿ ಬಸ್ಸು, ಆಟೋ, ನೀರಿನ ಟ್ಯಾಂಕರು. ಏಳು ವರ್ಷದ ಮಗು ಮಿಸ್‌ನ ಹುಡುಕಿಕೊಂಡು ಈ ರಸ್ತೆಗೆ ಇಳಿದಿದ್ದರೆ? ಯಾರಾದರೂ ಕೈ ಹಿಡಿದು ಕರೆದೊಯ್ದಿದ್ದರೆ? ರಸ್ತೆಯಲ್ಲಿ ಜನ ಗುಂಪುಗೂಡಿದ್ದಾರಾ ಎಂದು ನೋಡಲು ಹೆದರಿ, ನೋಡದೆ ಇರಲೂ ಹೆದರಿ, ಹೇಗೋ ದಾಟಿದಳು.

ಮಕ್ಕಳು ಕೂತಿದ್ದ ಕಲ್ಲುಬೆಂಚು ಖಾಲಿ. ಅದರ ಕೆಳಗೆ ರಬ್ಬರ್‌ಬ್ಯಾಂಡ್ ಹಾಕಿದ ಒಂದು ಎಲೆಕಟ್ಟು ನೆನೆಯುತ್ತಿತ್ತು. ಲತಾಮಣಿ "ಕಲ್ಯಾಣೀ..." ಎಂದು ಕರೆದಳು. ದನಿ ಅವಳ ಕಿವಿಗೇ ಸರಿಯಾಗಿ ಬೀಳಲಿಲ್ಲ.

ಗೋಣಿಚೀಲ ಹೊದ್ದ ಮಾಲಿ ಮುನಿಯಣ್ಣ ಗೇಟಿನ ಕಡೆಯಿಂದ ಬಂದ. "ಮೇಡಂ, ನಿಮ್ ಮಗೀನಾ ಅದು? ಅಗೋ, ಹೊಂಗೆ ಮರದ ಹಿಂದೆ. ಮಳೆ ಬತ್ತದೆ, ಸೂರಿನ ಕೆಳಗೆ ಬಾರವ್ವಾ ಅಂದ್ರೆ ಏಳಂಗಿಲ್ಲ ಅಂತ ತಲೆ ಆಡಿಸ್ತದೆ."

ಕಲ್ಯಾಣಿ ಮರದ ಬುಡದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಯೂನಿಫಾರಂ ಮೈಗಂಟಿತ್ತು, ತುಟಿ ಅದುರುತ್ತಿತ್ತು. ಲತಾಮಣಿ ಕೆಸರಿನಲ್ಲೇ ಕುಸಿದು ಅವಳ ಕೈ ಹಿಡಿದಳು. ಆಗಷ್ಟೇ ಮಗು ಎದ್ದಿತು.

"ನೀವು ತಪ್ಪಿಸ್ಕೊಂಡ್‌ಬಿಟ್ರಿ ಮಿಸ್," ಎಂದಿತು ಕಿವಿಯ ಹತ್ತಿರ ಬಂದು. "ನಾನು ಇಲ್ಲ ಅಂತ ಕೂಗ್ದೆ. ಮೂರ್ ಸಲ ಕೂಗ್ದೆ."

ಅದು ಎಂಥ ಕೂಗು ಎಂದು ಲತಾಮಣಿಗೆ ಗೊತ್ತಾಯಿತು. ತನ್ನ ಕ್ಲಾಸಿನಲ್ಲಿ ತಾನೇ ಕಲಿಸಿದ, ತನ್ನದೇ ದನಿಯಂಥ ಪಿಸುದನಿ ಅದು. ಅವಳಿಗೆ ಅಳು ತಡೆಯಲಾಗಲಿಲ್ಲ.

ಶಾಲೆಯಲ್ಲಿ ವಿಮಲಾ ಮೇಡಂ ಟವೆಲ್ ತಂದು ಮಗುವಿನ ತಲೆ ಒರೆಸಿದರು, ಬಿಸಿ ಹಾಲು ಕುಡಿಸಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು: "ಮಗು ಸಿಕ್ತಲ್ಲ, ದೇವ್ರು ದೊಡ್ಡವ್ನು. ಅವ್ರಮ್ಮಂಗೆ ಏನೂ ಹೇಳೋಕ್ ಹೋಗ್ಬೇಡಿ ಲತಾ. ಮಳೇಲಿ ನೆಂದ್ಲು ಅಂದ್ರೆ ಆಯ್ತು. ಆ ಮಗು ಹೆಂಗಿದ್ರೂ ಬಾಯಿ ಬಿಡಲ್ಲ. ನಿಮ್ ಕೆಲ್ಸ ಉಳಿಯುತ್ತೆ, ಸ್ಕೂಲ್ ಹೆಸ್ರೂ ಉಳಿಯುತ್ತೆ."

ಲತಾಮಣಿ ತಲೆಯಾಡಿಸಿದಳು. ನಿಜ ಹೇಳಬೇಕೆಂದರೆ ಅವಳಿಗೆ ಹಾಯೆನಿಸಿತು. ಪುಕ್ಕಲರಿಗೆ ಇದಕ್ಕಿಂತ ಒಳ್ಳೆಯ ಅಪ್ಪಣೆ ಬೇಕೇ?

ಸಂಜೆ ಗೇಟಿಗೆ ಕಲ್ಯಾಣಿಯ ಅಮ್ಮ ಬಂದರು, ಗಾರ್ಮೆಂಟ್ಸ್‌ನ ಗುರುತಿನ ಚೀಟಿ ಕೊರಳಲ್ಲೇ ಇತ್ತು. "ಏನೇ ಇಷ್ಟ್ ನೆಂದಿದೀಯಾ?" ಎಂದು ಕೇಳಿದರು. ಮಗು ತಿರುಗಿ ಮಿಸ್‌ನ ಮುಖ ನೋಡಿತು, ಉತ್ತರವನ್ನು ಜೋಡಿ ಹೇಳಲಿ ಎಂಬಂತೆ. ಲತಾಮಣಿ "ಮಳೆ..." ಎಂದೇನೋ ಗೊಣಗಿದಳು. ತಾಯಿ ಮಗಳು ಕೈ ಹಿಡಿದು ಹೊರಟರು. ಹತ್ತು ಹೆಜ್ಜೆ ಹೋಗಿರಬೇಕು, ಇನ್ನೇನು ತಿರುವಿನಲ್ಲಿ ಮರೆಯಾಗಬೇಕು.

"ಕಲ್ಯಾಣಿ ಅಮ್ಮಾ! ನಿಂತ್ಕೊಳ್ಳಿ!"

ಗೇಟಿನಲ್ಲಿದ್ದ ಜನರೆಲ್ಲ ತಿರುಗಿ ನೋಡಿದರು. ಒಳಗಿನಿಂದ ವಿಮಲಾ ಮೇಡಂ ಗಾಬರಿಯಾಗಿ ಈಚೆ ಬಂದರು. ಹನ್ನೊಂದು ವರ್ಷದಲ್ಲಿ ಆ ಶಾಲೆಯವರು ಲತಾಮಣಿ ಮಿಸ್ ಕೂಗಿದ್ದು ಕೇಳಿದ್ದು ಅದೇ ಮೊದಲು. ಅವಳು ಗೇಟಿನ ಸರಳು ಬಿಟ್ಟು, ಆ ಹತ್ತು ಹೆಜ್ಜೆ ನಡೆದಳು.