ಕೈಯಿಂದ ತಿದ್ದಬೇಡಿ

ಸೆಟ್ಟಿಂಗ್ ಮಾಮ ಸೋಮವಾರ ಬೆಳಗ್ಗೆ ತೀರಿಕೊಂಡರು. ಕಚೇರಿಯ ಕಂಪ್ಯೂಟರುಗಳು ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಸೆಟ್ಟಿಂಗ್ ಫೈಲುಗಳೇ ಅವರ ಸಂಸಾರ. ಅವನ್ನು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮೇ ಓದಬೇಕು, ಸ್ಕ್ರಿಪ್ಟೇ ಬರೆಯಬೇಕು, ಮನುಷ್ಯರು ಮುಟ್ಟಬಾರದು ಎಂಬುದು ಅವರ ಹಟ. ಪ್ರತಿ ಫೈಲಿನ ನೆತ್ತಿಯ ಮೇಲೂ ‘ಕೈಯಿಂದ ತಿದ್ದಬೇಡಿ’ ಎಂಬ ಸಾಲು. ಅದೇ ಚೀಟಿ ಊಟದ ಡಬ್ಬಿಗೆ, ಕುರ್ಚಿಯ ಬೆನ್ನಿಗೆ, ಕೊನೆಗೆ ಮದುವೆಯ ಫೋಟೋಗೂ ಅಂಟಿತ್ತು. ಟೀ ಹೇಳುವಾಗಲೂ “ಸಕ್ಕರೆ ಎರಡು ಚಮಚ, ನಾನು ಹೇಳದಿದ್ರೆ ಒಂದು” ಎನ್ನುವರು. “ಈಗ ಹೇಳಿದ್ರಲ್ಲ ಮಾಮ?” ಎಂದು ಪಕ್ಕದ ಮೇಜಿನ ಗೆಳತಿ ಕೆಣಕಿದರೆ, “ನಾಳೆ ನಾನು ಬರದಿದ್ರೆ?” ಎನ್ನುವರು. “ಬರದಿದ್ರೆ ಟೀ ಯಾರಿಗೆ?” ಎಂದರೆ ಮಾಮ ಅರ್ಧ ದಿನ ಯೋಚಿಸುವರು. ಒಮ್ಮೆ ಅವಳು ಕೈಯಿಂದ ಒಂದು ಸಾಲು ತಿದ್ದಿದ್ದಕ್ಕೆ ಕಚೇರಿಯ ಪ್ರಿಂಟರುಗಳೆಲ್ಲ ಸಂಜೆಯವರೆಗೆ ಖಾಲಿ ಹಾಳೆ ಉಗುಳಿದ್ದವು. “ಅಮ್ಮಾ ತಾಯಿ, ನಿನ್ನ ಕೈಗೊಂದು ದೊಡ್ಡ ನಮಸ್ಕಾರ! ಇನ್ಮೇಲೆ ಅದನ್ನ ಜೇಬಲ್ಲಿಟ್ಕೋ” ಎಂದಿದ್ದರು. ಏನಾದರೂ ಕೆಟ್ಟರೆ ಯಾರಿಗೆ ಫೋನ್ ಹೋಗಬೇಕು ಎಂಬ ಸಾಲಿನಲ್ಲಿ ಮಾತ್ರ ಮೊದಲಿಂದಲೂ ಅವರ ನಂಬರೊಂದೇ. ಆಸ್ಪತ್ರೆಯ ಹಾಸಿಗೆಯಲ್ಲೂ ಆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅದನ್ನು ಆಫ್ ಮಾಡಲು ಅವರು ಹೆಂಡತಿಗೂ ಬಿಡಲಿಲ್ಲ. ಭಾನುವಾರ ಗೆಳತಿ ನೋಡಲು ಹೋದಾಗ ಅವಳ ಲ್ಯಾಪ್‌ಟಾಪ್ ತೆರೆಸಿ, ಆ ಸಾಲು ತೋರಿಸಿ, “ನಿನ್ನ ನಂಬರ್ ಹೇಳು” ಎಂದರು. “ಸ್ಕ್ರಿಪ್ಟ್ ಓಡಿಸ್ಲಾ ಮಾಮ?” “ಸುಮ್ನಿರು ತಾಯಿ.” ಸೂಜಿ ಚುಚ್ಚಿದ್ದ ಕೈ ಎತ್ತಿ, ತಮ್ಮ ನಂಬರು ಅಳಿಸಿ, ಒಂದೊಂದೇ ಅಂಕಿ ಒತ್ತುತ್ತ ಅವಳ ನಂಬರನ್ನು ಕೈಯಿಂದಲೇ ಬರೆದರು.