ಹೊಲದಲ್ಲಿದ್ದ ಹಿರಿಮಗನನ್ನು ಯಾರೂ ಕರೆಯಲಿಲ್ಲ

ಮೂರು ವರ್ಷದ ಹಿಂದೆ ಈ ಬ್ಲಾಗಿನಲ್ಲಿ ನೀವೆಲ್ಲ ಮೆಚ್ಚಿ ಹಂಚಿಕೊಂಡ, ಹಿರಿಮಗನ ಕುರಿತ ಆ ಬರಹ ನನ್ನದಲ್ಲ. ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು — ಅವತ್ತು ಚಿಗವ್ವ ತೊಗರಿ ಕೇರುತ್ತಿದ್ದಳೋ ಜೋಳ ಹಸನು ಮಾಡುತ್ತಿದ್ದಳೋ, ಆಣೆ ಮಾಡಿ ಹೇಳಲಾರೆ. ಆದರೆ ಮಾತು ಅವಳದು, ಕದ್ದವಳು ನಾನು. ಅದರಲ್ಲಿ ಅನುಮಾನವಿಲ್ಲ.

ಚಿಗವ್ವ ಅಂದರೆ ನನ್ನ ಅವ್ವನ ತಂಗಿ ಶಾಂತವ್ವ, ಚೌಡಾಪುರದಾಕೆ. ಓದು ಬಾರದು, ಯೇಸುವಿನ ಸುವಾರ್ತೆಯನ್ನು ಮೊಬೈಲಿನಲ್ಲಿ ಕೇಳುತ್ತಾಳೆ. ನಾನು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದವಳು. ಆಗ ದೇವರ ಕೃಪೆಯ ಬಗ್ಗೆ ದಪ್ಪದೊಂದು ಪುಸ್ತಕ ಓದುತ್ತ, ವಾರವಾರ ಇಲ್ಲಿ ಟಿಪ್ಪಣಿ ಹಾಕುತ್ತಿದ್ದೆ. ಆ ವಾರ ಬರೆಯಲು ಏನೂ ಹೊಳೆದಿರಲಿಲ್ಲ; ಚೌಡಾಪುರಕ್ಕೆ ಹೋಗಿ ಚಿಗವ್ವನ ಬಳಿ ಕೂತಿದ್ದೆ. ಮನೆ ಬಿಟ್ಟು ಹೋಗಿ ಮರಳಿ ಬಂದ ಕಿರಿಮಗನಿಗೆ ತಂದೆ ಔತಣ ಮಾಡಿಸುವ ಕಥೆ ಮೊಬೈಲಿನಲ್ಲಿ ನಡೆದಿತ್ತು. ಚಿಗವ್ವ ಮೊರ ಕೆಳಗಿಟ್ಟಳು.

"ಹಿರೇಮಗ ಹೊಲದಾಗ ದುಡಿಯಾಕತ್ತಾನ. ಇಲ್ಲಿ ಅಡಗಿ ಆತು, ಬಾಜಾ ಸುರು ಆತು. ಅವಗ 'ಬಾರೋ' ಅನ್ನಾಕ ಒಬ್ಬರೂ ಹೋಗಿಲ್ಲ ನೋಡು."

"ಆಮ್ಯಾಲೆ ಅಪ್ಪನೇ ಹೊರಗ ಬಂದು ಕರದಾನಲ್ಲ, ಚಿಗವ್ವ?"

"ಬಂದಾನ ಬೇ ಶಾಣ್ಯಾಕಿ. ಅದಕ್ಕ ಅವ ದೊಡ್ಡಾವ. ತಾ ಮರತದ್ದು ತಿಳಿದ ಕೂಡ್ಲೆ ಉಣ್ಣೂದು ಬಿಟ್ಟು ಎದ್ದು ಬಂದಾನ."

ಅಂದೇ ಆಳಂದದ ನನ್ನ ಮನೆಗೆ ಮರಳಿ ಅದನ್ನು ಬರೆದೆ — 'ಓದುತ್ತಿರುವಾಗ ನನಗೆ ಹೊಳೆದದ್ದು' ಎಂದು. ಮನೆಯಲ್ಲೇ ಸೇರಿ ಪ್ರಾರ್ಥಿಸುವ ಜೇವರ್ಗಿಯ ಮನೆಕೂಟದವರು ಕರೆದು ಶಾಲು ಹೊದಿಸಿದರು. ಚಿಗವ್ವನೂ ಬಂದಿದ್ದಳು, ಒಳಗೆ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. "ಇಂಥಾದ್ದು ನಿಮಗ ಹ್ಯಾಂಗ ಹೊಳೀತದ್ರಿ, ಅಕ್ಕಾರ?" ಎಂದು ಯಾರೋ ಕೇಳಿದರು.

"ಪ್ರಾರ್ಥನಾ ಮಾಡಿದ್ನಿ, ಹೊಳೀತ್ರಿ," ಎಂದೆ.

ಕದ್ದದ್ದಷ್ಟೇ ಅಲ್ಲ — ಕದ್ದ ಮಾಲಿಗೆ ದೇವರ ಹೆಸರು ಹಚ್ಚಿದೆ. ಹೊಲದಲ್ಲಿದ್ದವನ ಬಗ್ಗೆ ಬರೆದು ಹೊಗಳಿಸಿಕೊಂಡವಳು, ಅಡುಗೆಮನೆಯಲ್ಲಿದ್ದವಳನ್ನು ಕರೆಯಲಿಲ್ಲ. ಇದಕ್ಕೆ ನನ್ನ ಬಳಿ ನೆಪವಿಲ್ಲ. ಹುಡುಕಿದ್ದೇನೆ, ಮೂರು ವರ್ಷ.

ಕಳೆದ ಭಾನುವಾರ ಚಿಗವ್ವನೊಡನೆ ಅಫಜಲಪುರದ ಆರಾಧನಾ ಸಭೆಗೆ ಹೋಗಿದ್ದೆ. ಹಾಡು ಮುಗಿದ ಮೇಲೆ ಅಲ್ಲಿ ಯಾರು ಬೇಕಾದರೂ ಎದ್ದು ಸಾಕ್ಷಿ ಹೇಳಬಹುದು — ದೇವರು ತಮಗೆ ಮಾಡಿದ್ದನ್ನು. ನಾನು ಎದ್ದೆ. ದೇವರು ಮಾಡಿದ್ದನ್ನಲ್ಲ, ನಾನು ಮಾಡಿದ್ದನ್ನು ಹೇಳಿದೆ. ಯಾರೂ 'ಆಮೆನ್' ಅನ್ನಲಿಲ್ಲ. ಕೊನೆಗೆ ಮುಂದಿನ ಚಾಪೆಯ ಮುದುಕಿಯೊಬ್ಬಳು ಕೂಗಿದಳು: "ಹಂಗಾದ್ರ ಆ ಶಾಂತವ್ವನ್ನ ಮುಂದ ಕರೀ ಬೇ! ನಿನ್ನ ಮಾರಿ ಏನ್ ನೋಡೂಣು?"

ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ — ಅಳುತ್ತಲೇ. ಹಿಂದೆ ಗೋಡೆಗೆ ಆನಿಕೊಂಡು ಕೂತಿದ್ದ ಚಿಗವ್ವನ ಕೈ ಹಿಡಿದು ಮುಂದೆ ಕರೆತಂದೆ. ಸೆರಗು ಸರಿಮಾಡಿಕೊಂಡು ಆಕೆ ಮೊದಲು ಕೇಳಿದ್ದು: "ಅಲ್ರೀ, ಮಗ ಬಂದಾನಂತ ಅಷ್ಟು ದೊಡ್ಡ ಊಟ ಮಾಡಿದ್ರಲ್ಲ, ಆ ಮನಿ ಆಳುಮಕ್ಕಳು ಉಂಡಾರೋ ಇಲ್ಲೋ?"

ಸಭೆಯ ಪಾಸ್ಟರು ತಮ್ಮ ಬೋಧನೆಯ ಹಾಳೆ ಮಡಚಿ ಜೇಬಿಗಿಟ್ಟು, ಹೆಂಗಸರ ಪಕ್ಕದಲ್ಲೇ ನೆಲಕ್ಕೆ ಕೂತರು. ಆ ಹಿರಿಮಗನ, ಆ ಆಳುಮಕ್ಕಳ ಬಗ್ಗೆ ಚಿಗವ್ವ ಮಾತಾಡಿದಳು. ನಕ್ಕವರೇ ಕಣ್ಣೊರೆಸಿಕೊಂಡರು; ಕೊನೆಗೆ ಬಿದ್ದ ಚಪ್ಪಾಳೆ ರಸ್ತೆಯವರೆಗೆ ಕೇಳಿಸಿರಬೇಕು. ಇಷ್ಟು ವರ್ಷದ ಓದಿನಲ್ಲಿ ನನಗೆ ಅಂಥ ಸಂತೋಷ ಸಿಕ್ಕಿರಲಿಲ್ಲ.

ಹಳೆಯ ಬರಹದ ಮೇಲೆ ಈಗ ಅವಳ ಹೆಸರಿದೆ. ಕೃಪೆಯ ಬಗೆಗಿನ ಅದೇ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ — ಫೋನಿನಲ್ಲಿ ಅವಳಿಗೆ ಕೇಳಿಸುವಂತೆ, ಗಟ್ಟಿಯಾಗಿ. ಅವಳು ಅಂದದ್ದು ಅವಳ ಹೆಸರಿನಲ್ಲೇ ಇಲ್ಲಿ ಬರುತ್ತದೆ.

ಅವತ್ತು ಮರಳುವ ಬಸ್ಸಿನಲ್ಲಿ ಒಂದು ಮಾತು ಕೇಳಿದೆ. ಅಷ್ಟರಲ್ಲಿ ಚೌಡಾಪುರ ಬಂತು, ಅವಳು ಇಳಿದಳು. ಫೋನಿನಲ್ಲಿ ಮತ್ತೆ ಕೇಳಿದರೆ ಎಮ್ಮೆ ಈದ ಸುದ್ದಿ ಹೇಳುತ್ತಾಳೆ.

"ಚಿಗವ್ವ, ನಾ ಕದ್ದದ್ದು ನಿನಗ ಮೊದಲೇ ಗೊತ್ತಿತ್ತೇನು?"