ದ್ಯಾವಮ್ಮನ ಹಣೆಯ ಹಚ್ಚೆ

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸುಬ್ರಹ್ಮಣ್ಯಾಚಾರಿಯ ಸ್ಟುಡಿಯೋ ಇದೆ. ಮದುವೆ, ನಾಮಕರಣದ ಫೋಟೋಗಳನ್ನು ಈಗ ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲೇ ತೆಗೆದುಕೊಳ್ಳುತ್ತಾರೆ. ಆಚಾರಿಯ ಪಾಲಿಗೆ ಉಳಿದಿರುವುದು ಹೆಚ್ಚಾಗಿ ಸತ್ತವರು. ತಿಥಿಯ ದಿನ ಹಾರ ಹಾಕಿ ಎಡೆ ಇಡುವುದಕ್ಕೆ ಒಂದು ದೊಡ್ಡ ಫೋಟೋ ಬೇಕು. ಬದುಕಿದ್ದಾಗ ಯಾರೂ ನೆಟ್ಟಗೆ ಒಂದು ಫೋಟೋ ತೆಗೆಸಿರುವುದಿಲ್ಲ. ಯಾರದೋ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತ ಅಜ್ಜಿಯನ್ನೋ, ಟ್ರಾಕ್ಟರಿನ ಪಕ್ಕದಲ್ಲಿ ಅರ್ಧ ಕಾಣುವ ಅಪ್ಪನನ್ನೋ ತಂದು ತೋರಿಸಿ, ಇದರಲ್ಲಿ ಮುಖ ಒಂದನ್ನು ತೆಗೆದು ಚೆನ್ನಾಗಿ ಮಾಡಿಕೊಡಿ ಅನ್ನುತ್ತಾರೆ.

ಚೆನ್ನಾಗಿ ಮಾಡುವುದು ಆಚಾರಿಗೆ ಮನೆತನದಿಂದಲೇ ಬಂದದ್ದು. ಅಪ್ಪ ಅಕ್ಕಸಾಲಿ. ರೆಡಿಮೇಡ್ ಒಡವೆ ಬಂದು ಕುಲುಮೆ ಆರಿದ ಮೇಲೆ ಮಗ ಸ್ಟುಡಿಯೋ ಸೇರಿದ. ಆಗ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ಚುಕ್ಕಿ ಚುಕ್ಕಿಯಾಗಿ ತಿದ್ದಬೇಕಿತ್ತು. ಒಂದು ಮುಖಕ್ಕೆ ಅರ್ಧ ದಿನ ಹಿಡಿಯುತ್ತಿತ್ತು, ಅಷ್ಟರಲ್ಲಿ ಆ ಮನುಷ್ಯ ಆಚಾರಿಗೆ ನೆಂಟನೇ ಆಗಿಬಿಡುತ್ತಿದ್ದ. ಬೀದಿಯಲ್ಲಿ ಎದುರಾದರೆ ಹೆಸರು ಗೊತ್ತಿಲ್ಲದಿದ್ದರೂ ಹುಬ್ಬಿನ ಗಾಯ ಗೊತ್ತಿರುತ್ತಿತ್ತು. ಈಗ ಬಂದಿರುವ ಸಾಫ್ಟ್‌ವೇರಿಗೆ ಅಂಥ ನೆಂಟಸ್ತಿಕೆಯ ಹಂಗಿಲ್ಲ. ಒಂದು ಗುಂಡಿ ಒತ್ತಿದರೆ ತಾನೇ ಮುಖ ಹುಡುಕುತ್ತದೆ, ಸುಕ್ಕು ಅಳಿಸುತ್ತದೆ, ಕಪ್ಪನ್ನು ಬಿಳುಪು ಮಾಡುತ್ತದೆ, ಮಸುಕಾದ ಕಣ್ಣಿಗೆ ಹೊಳಪು ಇಡುತ್ತದೆ. ಕುಂದು ಹುಡುಕುವುದರಲ್ಲಂತೂ ಹೆಣ್ಣು ನೋಡಲು ಬಂದ ಬೀಗಿತ್ತಿಯನ್ನೂ ಮೀರಿಸುತ್ತದೆ. ಕಾಫಿ ಆರುವುದರೊಳಗೆ ಸತ್ತವರು ಸಿನಿಮಾದವರ ಹಾಗೆ ಮಿಂಚುತ್ತಿರುತ್ತಾರೆ. ಜನಕ್ಕೂ ಅದೇ ಬೇಕು. ಕಣ್ಣಿಗೆ ಪೊರೆ ಬರತೊಡಗಿದ್ದ ಆಚಾರಿಗೂ ಅದೇ ಹಾಯೆನಿಸಿತು. ಮುಖ ನೋಡುವುದನ್ನು ತಾನು ಯಾವಾಗ ಬಿಟ್ಟೆ ಎಂದು ಅವನಿಗೇ ತಿಳಿಯಲಿಲ್ಲ.

ಕಿರಂಗೂರಿನ ದ್ಯಾವಮ್ಮನ ಫೋಟೋವನ್ನೂ ಹಾಗೆಯೇ ಮಾಡಿದ. ತಂದವನು ಪಾಂಡವಪುರದ ರಾಹುಲ್, ಅವಳ ಗಂಡನ ತಮ್ಮನ ಮೊಮ್ಮಗ. ದ್ಯಾವಮ್ಮನಿಗೆ ಮಕ್ಕಳಿರಲಿಲ್ಲ. ಇದ್ದದ್ದು ಒಂದೇ ಫೋಟೋ, ಯಾರದೋ ಬೀಗರೂಟದಲ್ಲಿ ದೂರದಿಂದ ತೆಗೆದದ್ದು. ಸೆರಗಿನ ನೆರಳು ಹಣೆಯ ಮೇಲೆ ಬಿದ್ದು ಮುಖವೆಲ್ಲ ಮಂಜುಮಂಜಾಗಿತ್ತು. ಆಚಾರಿ ಗುಂಡಿ ಒತ್ತಿದ, ಪ್ರಿಂಟು ತೆಗೆದ, ಫ್ರೇಮು ಹಾಕಿ ಕೊಟ್ಟ. ರಾಹುಲ್ ಸೂಪರಾಗಿದೆ ಸಾರ್ ಎಂದು ತೆಗೆದುಕೊಂಡು ಹೋದ.

ತಿಥಿಯ ಹಿಂದಿನ ದಿನ ಮಧ್ಯಾಹ್ನ ದ್ಯಾವಮ್ಮನ ಗಂಡ ನರಸಯ್ಯ ಬಂದ. ಟವಲಿನಲ್ಲಿ ಸುತ್ತಿ ತಂದಿದ್ದ ಫೋಟೋವನ್ನು ಮೇಜಿನ ಮೇಲೆ ಇಟ್ಟು ಟವಲು ಬಿಚ್ಚಿದ.

“ಕೂತ್ಕಳಿ ಯಜಮಾನ್ರೇ. ಗಾಜು ಒಡೀತಾ?”

“ಗಾಜು ಸರ್ಯಾಗೇ ಅದೆ ಆಚಾರ್ರೇ. ಇವ್ಳು ನಮ್ಮೋಳಲ್ಲ.”

ಆಚಾರಿ ನಕ್ಕ. ಬಿಳುಪು ಹೆಚ್ಚಾಯಿತು ಅನ್ನುವವರು ಆಗೊಬ್ಬರು ಈಗೊಬ್ಬರು ಬರುವುದಿತ್ತು. “ಬಣ್ಣ ಒಸಿ ಕಮ್ಮಿ ಮಾಡ್ಕೊಡ್ತೀನಿ ಬುಡಿ.”

“ಬಣ್ಣದ ಮಾತಲ್ಲ. ಅಣೆ ಮ್ಯಾಲೆ ಅಚ್ಚೆ ಇತ್ತಲ್ಲ, ಗಲ್ಲದ್ ಮ್ಯಾಲೂ ಇತ್ತು, ಎಲ್ಲೋಯ್ತು?” ನರಸಯ್ಯನ ದನಿ ಏರಲಿಲ್ಲ. “ಮಣ್ಣು ಮಾಡೋವಾಗ ಓಲೆ, ಮೂಗ್ಬೊಟ್ಟು, ಕಾಲುಂಗ್ರ ಎಲ್ಲಾನೂ ಬಿಚ್ಕಂಡೋ. ಎಣ್ಣಿನ ಜೊತೇಲಿ ಓಗೋದು ಅಚ್ಚೆ ಒಂದೇ ಅಂತ ದೊಡ್ಡೋರು ಯೋಳ್ತಾರೆ. ನೀವು ಅದ್ನೂ ಬಿಚ್ಕಂಬುಟ್ರಲ್ಲ. ನಾಳೆ ಇವ್ಳ ಮುಂದೆ ಎಡೆ ಇಕ್ಕುದ್ರೆ ಅವ್ಳಿಗೆಂಗೆ ಸೇರ್ತದೆ?”

ಅಕ್ಕಸಾಲಿಯ ಮಗನಿಗೆ ಆ ಮಾತು ತಾಗಬೇಕಾದ ಕಡೆಯೇ ತಾಗಿತು. ಕಂಪ್ಯೂಟರಿನಲ್ಲಿ ಮೂಲ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ. ಹಣೆಯಲ್ಲಿ ನೆರಳೋ ಹಚ್ಚೆಯೋ ಹೇಳಲಾಗದ ಒಂದು ಮಬ್ಬು. ಸಾಫ್ಟ್‌ವೇರು ಅದನ್ನು ಕಲೆ ಎಂದುಕೊಂಡು ಒರೆಸಿಹಾಕಿತ್ತು.

“ಕೈಯಲ್ಲೇ ಬರ್ದುಕೊಡ್ತೀನಿ. ಎಂಗಿತ್ತು ಯೋಳಿ. ಗೆರೆನೋ, ಚುಕ್ಕಿನೋ?”

ನರಸಯ್ಯ ಫೋಟೋದ ಕಡೆ ಬಾಗಿದ. ತನ್ನ ಹಣೆಯ ಮೇಲೆ ಬೆರಳಿಟ್ಟುಕೊಂಡು ಹುಬ್ಬಿನ ನಡುವೆ ತಂದ, ಮತ್ತೆ ಮೇಲಕ್ಕೆ ಒಯ್ದ. ಬೆರಳು ಅಲ್ಲೇ ನಿಂತುಬಿಟ್ಟಿತು.

“ಗ್ಯಾಪ್ಕ ಬತ್ತಾ ಇಲ್ಲ ಆಚಾರ್ರೇ. ಊರ್ ಎಂಗಸ್ರನ್ನ ಕೇಳ್ದೆ, ಒಬ್ಳು ಗೆರೆ ಅಂದ್ಲು, ಇನ್ನೊಬ್ಳು ಚುಕ್ಕಿ ಅಂದ್ಲು. ಇಷ್ಟ್ ವರ್ಸ ಎದ್ರುಗ್ ಕೂತು ಮುದ್ದೆ ಇಕ್ಕುದ್ಲು. ನಾನು ತಟ್ಟೆ ನೋಡ್ಕಂಡು ಉಂಡೆ.”

ಅಷ್ಟು ಹೇಳಿ ಅತ್ತುಬಿಟ್ಟ. ಆಚಾರಿ ನೀರು ಕೊಟ್ಟ. ಕುಡಿದು, ಟವಲಿನಿಂದ ಮುಖ ಒರೆಸಿಕೊಂಡು, ನರಸಯ್ಯ ಸ್ವಲ್ಪ ಆಸೆಯಿಂದಲೇ ಮಾತಾಡಿದ. “ಅದ್ಕೇಯ ನಿಮ್ತಾವ ಬಂದಿದ್ದು. ನಿಮ್ದು ಮೊಕದ ಕೆಲ್ಸ. ಅವ್ಳು ವಾರ ವಾರ ನಿಮ್ಮಂಗ್ಡಿ ಮುಂದ್ಲೇಯ ಸೊಪ್ಪಿನ ಮಂಕ್ರಿ ಇಕ್ಕಂಡು ಕೂತಿರ್ತಿದ್ಲು. ನೀವು ನೋಡಿರ್ತೀರಿ.”

ಆಚಾರಿ ಬಾಗಿಲಾಚೆಯ ಬೀದಿಯ ಕಡೆ ತಿರುಗಿದ. ಸೊಪ್ಪಿನ ದ್ಯಾವಮ್ಮ. ಅವಳ ಹತ್ತಿರ ವರ್ಷಗಟ್ಟಲೆ ದಂಟು, ಕೀರೆ ಕೊಂಡಿದ್ದ. ಒದ್ದೆ ಗೋಣಿತಾಟು ಕಣ್ಣಿಗೆ ಬಂತು, ಹಸಿರು ಬಳೆಯ ಕೈ ಬಂತು, ಎಳೇ ಸೊಪ್ಪದೆ ತಕಳಿ ಆಚಾರ್ರೇ ಅನ್ನುವ ದನಿಯೂ ಬಂತು. ಮುಖ ಮಾತ್ರ ಬರಲಿಲ್ಲ. ಅವಳ ಫೋಟೋ ತಿದ್ದುವಾಗಲೂ ಇವಳೇ ಅವಳೆಂದು ಅವನಿಗೆ ಹೊಳೆದಿರಲಿಲ್ಲ.

ಗೊತ್ತಿಲ್ಲ ಅನ್ನಬೇಕಿತ್ತು. ಆದರೆ ಆ ಮುದುಕ ಎದುರಿಗೆ ಕೂತು ಅವನ ಬಾಯನ್ನೇ ನೋಡುತ್ತಿದ್ದ.

“ನೋಡಿದ್ದೀನಿ ಯಜಮಾನ್ರೇ,” ಅಂದ ಆಚಾರಿ. “ಚೆನ್ನಾಗ್ ಗ್ಯಾಪ್ಕ ಐತೆ.”

ಸಾಫ್ಟ್‌ವೇರು ತೆಗೆದಿದ್ದ ಸುಕ್ಕುಗಳನ್ನು ಮೊದಲು ವಾಪಸು ತಂದ. ಆಮೇಲೆ ಹುಬ್ಬುಗಳ ನಡುವೆ ಒಂದು ಉದ್ದ ಗೆರೆ ಎಳೆದ, ಅದರ ಬುಡದಲ್ಲಿ ಅಡ್ಡಕ್ಕೆ ಒಂದು ಚಿಕ್ಕ ಗೆರೆ, ಮೇಲೆ ಎರಡು ಚುಕ್ಕಿ, ಗಲ್ಲದ ಮೇಲೆ ಒಂದು. ಹಚ್ಚೆಯ ಹಸಿರನ್ನು ಚರ್ಮದ ಒಳಗಿನಿಂದ ಕಾಣುವ ಹಾಗೆ ತಿಳಿ ಮಾಡಿದ. ಕೈ ಎಲ್ಲಿಯೂ ತಡವರಿಸಲಿಲ್ಲ. ಅದು ಅವನ ತಾಯಿ ಸುಬ್ಬಮ್ಮನ ಹಚ್ಚೆ. ಅವಳ ತೊಡೆಯ ಮೇಲೆ ಮಲಗುತ್ತಿದ್ದ ವಯಸ್ಸಿನಲ್ಲಿ ಕಂಡದ್ದು. ಜನ್ಮದಲ್ಲಿ ಅವನು ಮನಸ್ಸಿಟ್ಟು ನೋಡಿದ ಹಚ್ಚೆ ಅದೊಂದೇ.

ಹೊಸ ಪ್ರಿಂಟನ್ನು ನರಸಯ್ಯ ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. ಅವನ ಮುಖ ನಿಧಾನವಾಗಿ ಸಡಿಲಿತು.

“ಊ ಕಣ್ ಆಚಾರ್ರೇ. ಇಂಗೇ ಇತ್ತು. ಈಗ ಗ್ಯಾಪ್ಕ ಬತ್ತು.”

ಫ್ರೇಮಿನಲ್ಲಿ ಹೊಸ ಫೋಟೋ ಕೂರಿಸಿ ಕೊಡುವವರೆಗೂ ಆಚಾರಿ ತಲೆ ಎತ್ತಲಿಲ್ಲ. ನರಸಯ್ಯ ಅದನ್ನು ಟವಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಮೆಟ್ಟಿಲ ಹತ್ತಿರ ನಿಂತ.

“ನಾನ್ ನೋಡ್ದಿದ್ರೂ ನೀವಾದ್ರೂ ಅವ್ಳ ಮೊಕ ನೋಡಿದ್ರಲ್ಲ,” ಅಂದ. “ಅಷ್ಟ್ ಸಾಕು ಬುಡಿ.”

ಮುದುಕ ಬೀದಿ ದಾಟಿ ಹೋದ ಮೇಲೆ ಆಚಾರಿ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಅತ್ತ.